ಸ್ಟೇಡಿಯಂ ಮುಂದೆ ನಿಂತಿರುವವರು ಯಾರು?

ಊರಿಂದ ಯಾರೇ ಅಮೆರಿಕದ ಶಾರ್ಲಟ್‌ಗೆ ಬರಲಿ, ಕ್ಯಾರೊಲಿನಾ ಪ್ಯಾಂಥರ್ಸ್ ತಂಡದ ಸ್ಟೇಡಿಯಂ ತೋರಿಸಲು ಕರೆದುಕೊಂಡು ಹೋದರೆ ಕೇಳುವುದು ಒಂದೇ: "ಈ ಕಂಚಿನ ಪ್ರತಿಮೆ ಯಾರದಪ್ಪಾ?"

ಸ್ಯಾಮ್ ಮಿಲ್ಸ್ ಅವರದು. ಅಮೆರಿಕನ್ ಫುಟ್‌ಬಾಲ್‌ನ ಲೈನ್‌ಬ್ಯಾಕರ್. ಎದುರಾಳಿ ಚೆಂಡನ್ನು ಎತ್ತ ಒಯ್ಯುತ್ತಾನೆಂದು ಎರಡನೇ ಸಾಲಿನಲ್ಲಿ ನಿಂತು ಅಳೆದು, ಓಡಿ ಹೋಗಿ ಕೆಡವುವ ಕೆಲಸ. ಆ ಜಾಗಕ್ಕೆ ಆರಡಿ ಮೀರಿದ ಕಟ್ಟಾಳುಗಳನ್ನೇ ಹುಡುಕುತ್ತಾರೆ. ಮಿಲ್ಸ್ ಎತ್ತರ 5 ಅಡಿ 9 ಅಂಗುಲ.

ಅದಕ್ಕೇ 1981ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವರನ್ನು ಯಾವ ತಂಡವೂ ಆರಿಸಲಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಶಿಬಿರಕ್ಕೆ ಕರೆಸಿ ವಾಪಸ್ ಕಳಿಸಿತು, ಕೆನಡಾದ ಟೊರಾಂಟೊ ತಂಡವೂ ಹಾಗೇ ಮಾಡಿತು. ನ್ಯೂಜೆರ್ಸಿಯ ಹೈಸ್ಕೂಲೊಂದರಲ್ಲಿ ಫೋಟೊಗ್ರಫಿ ಮೇಷ್ಟ್ರಾದರು. 1983ರಲ್ಲಿ ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ ಹುಟ್ಟದಿದ್ದರೆ ಅಲ್ಲೇ ಉಳಿಯುತ್ತಿದ್ದರೇನೋ. ಅಲ್ಲಿ ಸ್ಟಾರ್ಸ್ ತಂಡಕ್ಕೆ ಎರಡು ಪ್ರಶಸ್ತಿ ಗೆಲ್ಲಿಸಿದರು. ಕೋಚ್ ಜಿಮ್ ಮೋರಾ 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೊರಟಾಗ ಮಿಲ್ಸ್‌ರನ್ನೂ ಜೊತೆಗೆ ಕರೆದೊಯ್ದರು.

ಕುಳ್ಳಗಿದ್ದರೂ ಗೆದ್ದರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಮಾತು. ಇಬ್ಬರು ಡಿಕ್ಕಿ ಹೊಡೆದಾಗ ಯಾರ ಭುಜ ತಗ್ಗಿನಲ್ಲಿರುತ್ತದೋ ಅವರದೇ ಮೇಲುಗೈ. ಮಿಲ್ಸ್ ಬಗ್ಗಬೇಕಾಗಿಯೇ ಇರಲಿಲ್ಲ. ಜೊತೆಗೆ ಆಟ ಓದುವ ಕಣ್ಣು.

ಆ ಕಣ್ಣು ನೋಡಬೇಕಿದ್ದರೆ 1995ರ ಅಕ್ಟೋಬರ್ 15ರ ಆಟ ನೋಡಿ. ಪ್ಯಾಂಥರ್ಸ್ ಹುಟ್ಟಿದ ವರ್ಷ ಅದು. ಮಿಲ್ಸ್ ಸೇಂಟ್ಸ್ ಬಿಟ್ಟು ಇಲ್ಲಿಗೆ ಬಂದಿದ್ದರು, ತಂಡ ಆಡಿದ ಐದಕ್ಕೆ ಐದೂ ಪಂದ್ಯ ಸೋತಿತ್ತು. ನ್ಯೂಯಾರ್ಕ್ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿ ನಡೆಸುವವನ ಸುತ್ತ ಒತ್ತಡ ಬಿದ್ದಾಗ ಹತ್ತಿರದವನಿಗೆಂದು ಚೆಂಡನ್ನು ಮೆಲ್ಲಗೆ ತಳ್ಳಿದ. ನಡುವೆ ಕೈಯೊಡ್ಡಿ ಹಿಡಿದ ಮಿಲ್ಸ್ 36 ಗಜ ಓಡಿ ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ವಯಸ್ಸೂ 36. ತಂಡಕ್ಕೆ ಮೊದಲ ಗೆಲುವು, 26-15. ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಎನ್ನುತ್ತದೆ.

1997ರ ನಂತರ ಆಟ ನಿಲ್ಲಿಸಿ ಪ್ಯಾಂಥರ್ಸ್‌ನಲ್ಲೇ ಕೋಚ್ ಆದರು. 1998ರಲ್ಲೇ ಪ್ರತಿಮೆ ನಿಂತಿತು. 2003ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರ್ ಗೊತ್ತಾಯಿತು. ಕೀಮೋ ನಡೆಯುತ್ತಿರುವಾಗಲೂ ಕೆಲಸ ಬಿಡಲಿಲ್ಲ. 2004ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧದ ಪ್ಲೇಆಫ್ (ನಾಕೌಟ್) ಪಂದ್ಯಕ್ಕೆ ಮುಂಚೆ ಆಟಗಾರರನ್ನು ಕೂರಿಸಿಕೊಂಡು ಹೇಳಿದರು: ರೋಗ ಗೊತ್ತಾದಾಗ ನನ್ನೆದುರು ಇದ್ದದ್ದು ಎರಡೇ ದಾರಿ, ಕೈಚೆಲ್ಲುವುದು ಅಥವಾ ಬಡಿಯುತ್ತಲೇ ಇರುವುದು. ಪ್ಯಾಂಥರ್ಸ್ 29-10ರಿಂದ ಗೆದ್ದು, ಆ ವರ್ಷ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಯಿತು.

2005ರ ಏಪ್ರಿಲ್‌ನಲ್ಲಿ ಮಿಲ್ಸ್ ತೀರಿಕೊಂಡರು, 45 ವರ್ಷ. ಈ ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಬಂದದ್ದು 2022ರಲ್ಲಿ. ಇಷ್ಟು ತಡ ಮಾಡಿದ್ದು ತಪ್ಪು ಎಂದೇ ನನ್ನ ಅನಿಸಿಕೆ.

ಡಲ್ಲಾಸ್ ಪಂದ್ಯಕ್ಕೆ ಮುಂಚೆ ಅವರು ಹೇಳಿದ 'ಕೀಪ್ ಪೌಂಡಿಂಗ್' (ಬಡಿಯುತ್ತಲೇ ಇರು) ಎಂಬ ಎರಡು ಪದಗಳನ್ನು ಈಗ ಪ್ಯಾಂಥರ್ಸ್‌ನ ಪ್ರತಿ ಆಟಗಾರನ ಜೆರ್ಸಿಯ ಕೊರಳಿನ ಒಳಭಾಗದಲ್ಲಿ ಹೊಲಿದಿರುತ್ತಾರೆ. ತವರಿನ ಪಂದ್ಯ ಶುರುವಾಗುವ ಮುಂಚೆ ಅದೇ ಮಾತಿನ ನೆನಪಿಗೆ ಒಬ್ಬರು ಬಂದು ದೊಡ್ಡ ನಗಾರಿ ಬಾರಿಸುತ್ತಾರೆ.