82 ಆಟಗಳ ತಿರುಗಾಟ

ನಮ್ಮ ಹೋಟೆಲಿನಿಂದ ಅಂಧೇರಿ ಸ್ಪೋರ್ಟ್ಸ್ ಕಾಂಪ್ಲೆಕ್ಸಿಗೆ ನಡೆದರೆ ಹತ್ತು ನಿಮಿಷ. ಕೈಯಲ್ಲಿ ಚಹಾದ ಕಿಟ್ಲಿ ಇದ್ದರೆ ಹದಿನೈದು. 1996ರ ಅಕ್ಟೋಬರ್ ಕೊನೆಯ ವಾರ ಆ ದಾರಿಯಲ್ಲಿ ದಿನಕ್ಕೆ ನಾಲ್ಕೈದು ಸಲ ಓಡಾಡಿದ್ದೇನೆ. ಒಂದು ಕೈಯಲ್ಲಿ ಕಿಟ್ಲಿ, ಇನ್ನೊಂದು ಕೈಯಲ್ಲಿ ಗ್ಲಾಸುಗಳ ತಂತಿ ಬುಟ್ಟಿ. ಮೈಕಲ್ ಜಾಕ್ಸನ್ ಬರುತ್ತಾನೆ ಅಂತ ಇಡೀ ಬೊಂಬಾಯಿಗೆ ಗೊತ್ತಿತ್ತು. ಅವನು ಕುಣಿಯುವ ಅಟ್ಟ, ಅಂದರೆ ವೇದಿಕೆ, ಕಟ್ಟುತ್ತಿದ್ದ ಕೆಲಸದವರಿಗೆ ಚಹಾ ಹೋಗುತ್ತಿದ್ದದ್ದು ನಮ್ಮ ಹೋಟೆಲಿನಿಂದ.

ನನಗೆ ಆಗ ಹತ್ತೊಂಬತ್ತು. ಕುಂದಾಪುರ ಕಡೆಯಿಂದ ಬಂದು ಮೂರು ವರ್ಷ ಆಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ಕೆಲಸ, ಸಂಜೆ ರಾತ್ರಿಶಾಲೆ, ಹನ್ನೊಂದರ ಮೇಲೆ ಹೋಟೆಲಿನ ಮಾಳಿಗೆಯಲ್ಲಿ ಚಾಪೆ. ಆ ಕಾಲದಲ್ಲಿ ಬೊಂಬಾಯಿಗೆ ಬಂದ ನಮ್ಮೂರ ಹುಡುಗರಲ್ಲಿ ಹೆಚ್ಚಿನವರ ದಿನಚರಿ ಇದೇ.

ಮೈಕಲ್ ಜಾಕ್ಸನ್ ನನಗೆ ಹೊಸಬನೇನಲ್ಲ. ನಾನು ಶಾಲೆಗೆ ಹೋಗುವಾಗಲೇ ನಮ್ಮ ಕಡೆ ವಾರ್ಷಿಕೋತ್ಸವ ಅಂದರೆ ಒಂದು ಬ್ರೇಕ್ ಡ್ಯಾನ್ಸ್ ಇರಲೇಬೇಕಿತ್ತು. ಮುಖಕ್ಕೆ ಟೋಪಿ ಎಳೆದುಕೊಂಡು, ಹಿಂದಕ್ಕೆ ಜಾರುವ ಹೆಜ್ಜೆ ಹಾಕಿದರೆ ಶಿಳ್ಳೆಯೋ ಶಿಳ್ಳೆ. ಪದಗಳ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆದರೆ ಆ ವಾರ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನಲ್ಲ. ಅಟ್ಟ.

ಅದಕ್ಕೆ ಕಾರಣ ನನ್ನ ಅಪ್ಪಯ್ಯ. ಅವರು ಯಕ್ಷಗಾನದ ಡೇರೆ ಮೇಳದಲ್ಲಿದ್ದವರು. ವೇಷಧಾರಿ ಅಲ್ಲ, ಭಾಗವತರೂ ಅಲ್ಲ. ಡೇರೆ ಕಟ್ಟುವವರು. ನವೆಂಬರ್ ಹೊತ್ತಿಗೆ ಮೇಳ ಹೊರಟರೆ ಮತ್ತೆ ಅವರು ಮನೆಯಲ್ಲಿ ನಿಲ್ಲುವುದು ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ, ಮಳೆ ಹತ್ತಿರ ಬಂದಾಗ. ಆ ಆರು ತಿಂಗಳಿಗೆ ನಮ್ಮಲ್ಲಿ ತಿರುಗಾಟ ಅನ್ನುತ್ತಾರೆ. ಪ್ರತಿ ರಾತ್ರಿ ಒಂದು ಊರು, ಒಂದು ಆಟ, ಅಂದರೆ ಒಂದು ಪ್ರದರ್ಶನ. ಬೆಳಗಿನ ಜಾವ ಆಟ ಮುಗಿಸುವ ಮಂಗಳ ಹಾಡಿದ ಕೂಡಲೇ ಜನ ಕಣ್ಣುಜ್ಜಿಕೊಂಡು ಮನೆಗೆ ಹೊರಡುತ್ತಾರೆ. ಅಪ್ಪಯ್ಯನ ಕೆಲಸ ಶುರುವಾಗುವುದೇ ಆಗ. ಹಗ್ಗ ಬಿಚ್ಚಬೇಕು, ಬಟ್ಟೆ ಮಡಚಬೇಕು, ಕಂಬ ಕೀಳಬೇಕು, ಕುರ್ಚಿ ಲೆಕ್ಕ ಹಾಕಿ ಲಾರಿಗೆ ಹೇರಬೇಕು. ಮಧ್ಯಾಹ್ನ ಇನ್ನೊಂದು ಊರಿನ ಗದ್ದೆಯಲ್ಲಿ ಗುಂಡಿ ತೆಗೆಯಬೇಕು. ಸಂಜೆ ಆಟ ಇದೆ ಅಂತ ಸಾರುವ ಕೇಳಿ ಬಾರಿಸುವ ಹೊತ್ತಿಗೆ ಅಲ್ಲಿ ಡೇರೆ ಎದ್ದು ನಿಂತಿರಬೇಕು. ಎಷ್ಟೋ ಸಲ ಅವರು ಆಟ ನೋಡಿದ್ದೇ ಇಲ್ಲ. ಚಂಡೆ ಕೇಳುತ್ತಾ ಲಾರಿಯ ಕೆಳಗೆ ನಿದ್ದೆ ಮಾಡುತ್ತಿದ್ದರು.

ಹಾಗಾಗಿ ಸ್ಪೋರ್ಟ್ಸ್ ಕಾಂಪ್ಲೆಕ್ಸಿನ ಗೇಟಿನ ಹತ್ತಿರ ಕಿಟ್ಲಿ ಹಿಡಿದು ನಿಂತು, ಒಳಗೆ ಕಬ್ಬಿಣದ ಪೈಪುಗಳು ಒಂದರ ಮೇಲೊಂದು ಏಳುವುದನ್ನು ನೋಡಿದಾಗ ನನಗೆ ಬೇರೆ ಏನೂ ನೆನಪಾಗಲಿಲ್ಲ. ಇದೂ ತಿರುಗಾಟವೇ ಅನಿಸಿತು. ನಮ್ಮದು ಒಂದೆರಡು ಜಿಲ್ಲೆ ಸುತ್ತುತ್ತದೆ, ಇದು ಭೂಮಿ ಸುತ್ತುತ್ತದೆ, ಅಷ್ಟೇ.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಡೇರೆ ಮೇಳಗಳು ವರ್ಷಕ್ಕೊಂದು ಹೊಸ ಪ್ರಸಂಗ, ಅಂದರೆ ಆಡುವ ಕಥೆ, ಕಟ್ಟುತ್ತವೆ. ಆ ಹೆಸರಿನ ಮೇಲೆಯೇ ಟಿಕೆಟ್ ಹೋಗುವುದು. ಜಾಕ್ಸನ್‌ನ ಹೊಸ ಪ್ರಸಂಗ 'ಹಿಸ್ಟರಿ' ಅನ್ನುವ ಆಲ್ಬಮ್. 1995ರ ಜೂನ್‌ನಲ್ಲಿ ಬಂದದ್ದು. ಎರಡು ಭಾಗ. ಒಂದರಲ್ಲಿ ಹಳೆಯ 15 ಹಾಡು, ಇನ್ನೊಂದರಲ್ಲಿ ಹೊಸ 15. ನಮ್ಮ ಮಾಲಕರ ಮಗನ ಹತ್ತಿರ ಅದರ ಕ್ಯಾಸೆಟ್ ಇತ್ತು. ರಾತ್ರಿ ಶಟರ್ ಎಳೆದ ಮೇಲೆ ನಾವು ನೆಲ ಒರೆಸುತ್ತಾ ಅದನ್ನು ಕೇಳುತ್ತಿದ್ದೆವು. ಹೊಸ ಹಾಡುಗಳಲ್ಲಿ ಸಿಟ್ಟು ಜಾಸ್ತಿ. ಯಾರ ಮೇಲೋ ಕೂಗಾಡುವ ಹಾಗೆ ಹಾಡಿದ್ದಾನೆ. ನನಗೆ ಹಿಡಿಸಿದ್ದು ಮಾಸ್ಕೋದ ಮೇಲಿನ ಹಾಡು. ಮಳೆಯಲ್ಲಿ ಒಬ್ಬನೇ ನಡೆಯುವವನ ಹಾಡು ಅದು. ಊರು ಬಿಟ್ಟವರಿಗೆ ಅದು ಅರ್ಥ ಆಗುತ್ತದೆ.

ಆ ತಿರುಗಾಟದ ದಾರಿಯನ್ನು ಆಮೇಲೆ ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮೊದಲ ಆಟ 1996ರ ಸೆಪ್ಟೆಂಬರ್ 7ರಂದು ಪ್ರಾಗ್‌ನಲ್ಲಿ, ಲೆಟ್ನಾ ಅನ್ನುವ ದಿಬ್ಬದ ಮೈದಾನದಲ್ಲಿ. ಅಲ್ಲಿ ಹಿಂದೆ ಸ್ಟಾಲಿನ್‌ನ ದೊಡ್ಡ ಪ್ರತಿಮೆ ಇತ್ತು, ಅದನ್ನು ಕೆಡವಿದ್ದರು. ಅದೇ ಪೀಠದ ಮೇಲೆ ಜಾಕ್ಸನ್‌ನ ಪ್ರತಿಮೆ ತಂದು ನಿಲ್ಲಿಸಿದರಂತೆ. ಆಮೇಲೆ ಬುಡಾಪೆಸ್ಟ್, ಬುಕಾರೆಸ್ಟ್, ಮಾಸ್ಕೋ, ವಾರ್ಸಾ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ರಾತ್ರಿ. ಅಲ್ಲಿಂದ ಟ್ಯುನಿಸ್, ಸೋಲ್, ತೈಪೆ, ಸಿಂಗಾಪುರ. ಅಕ್ಟೋಬರ್ 27 ಮತ್ತು 29ರಂದು ಕ್ವಾಲಾಲಂಪುರ. ಆಮೇಲೆ ನಮ್ಮಲ್ಲಿ. ನಮ್ಮಿಂದ ಬ್ಯಾಂಕಾಕ್, ನವೆಂಬರ್ 5. ಈ ತಾರೀಕುಗಳನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ನಡುವಿನ ಮೂರು ದಿನಗಳ ಕಡೆಗೆ. 29ರ ರಾತ್ರಿ ಮಲೇಷ್ಯಾದಲ್ಲಿ ಆಟ ಮುಗಿಯಬೇಕು, ಎಲ್ಲ ಬಿಚ್ಚಬೇಕು, ಕಟ್ಟಬೇಕು, ಸಮುದ್ರ ದಾಟಿಸಬೇಕು, 1ರ ಸಂಜೆ ಅಂಧೇರಿಯಲ್ಲಿ ದೀಪ ಹೊತ್ತಬೇಕು. ಸಾಮಾನು ಬಂದದ್ದು ಆಂಟೊನೊವ್ ಅನ್ನುವ ದೈತ್ಯ ವಿಮಾನದಲ್ಲಿ. ಒಂದು ಮನೆಯನ್ನೇ ನುಂಗುವಷ್ಟು ದೊಡ್ಡ ಹೊಟ್ಟೆ ಅದಕ್ಕೆ.

ಪೇಪರಿನವರಿಗೆ ಬೇಕಾದ ಸುದ್ದಿಗಳು ಬೇರೆ. ವಿಮಾನ ನಿಲ್ದಾಣದಲ್ಲಿ ಸೋನಾಲಿ ಬೇಂದ್ರೆ ಮರಾಠಿ ಸೀರೆ ಉಟ್ಟು ಆರತಿ ಎತ್ತಿದ್ದು, ಅವನು ಬಾಳ ಠಾಕ್ರೆಯವರ ಮನೆಗೆ ಹೋದದ್ದು, ಒಬೆರಾಯ್ ಹೋಟೆಲಿನ ದಿಂಬಿನ ಮೇಲೆ ಭಾರತಕ್ಕೆ ಪ್ರೀತಿಯ ಮಾತು ಬರೆದಿಟ್ಟದ್ದು. ಅವೆಲ್ಲ ನಿಮಗೂ ಗೊತ್ತಿರುತ್ತವೆ.

ನವೆಂಬರ್ 1, ಶುಕ್ರವಾರ. ನಮಗೆ ಅದು ರಾಜ್ಯೋತ್ಸವ. ರಾಜ್ಯ ಒಂದಾಗಿ ಸರಿಯಾಗಿ 40 ವರ್ಷ. ಬೆಳಗ್ಗೆ ಗಲ್ಲೆಯ ಹಿಂದೆ ಭುವನೇಶ್ವರಿಯ ಫೋಟೋಕ್ಕೆ ಸೇವಂತಿಗೆ ಮಾಲೆ ಹಾಕಿದೆವು. ರಾತ್ರಿಶಾಲೆಯಲ್ಲಿ ಸಣ್ಣ ಕಾರ್ಯಕ್ರಮ ಇತ್ತು. ನಾನು ನಾಡಗೀತೆ ಹಾಡುವವರ ಸಾಲಿನಲ್ಲಿದ್ದೆ. ಹಾಡು ಮುಗಿದದ್ದೇ ತಡ, ಮಾಸ್ತರರ ಹತ್ತಿರ ಕೇಳಿಕೊಂಡು ಹೊರಟೆ. ಅವರು ತಡೆಯಲಿಲ್ಲ. "ಹೋಗಿ ಬಾ ಮಾರಾಯ, ನಾಳೆ ಬಂದು ನಮಗೂ ಹೇಳು" ಅಂದರು.

ಟಿಕೆಟ್ ತೆಗೆಯುವ ಮಾತೇ ಇಲ್ಲ. ನಮ್ಮ ಹೋಟೆಲಿನ ಹಿಂದಿನ ಕಟ್ಟಡದ ವಾಚ್‌ಮನ್ ಪರಿಚಯ. ಐದನೇ ಮಹಡಿಯ ಟೆರೇಸಿಗೆ ನಾವು ಏಳು ಜನ ಹತ್ತಿದೆವು. ನೀರಿನ ಟ್ಯಾಂಕಿನ ಮೇಲೆ ನಿಂತರೆ ತೆಂಗಿನ ಮರಗಳ ಮೇಲಿಂದ ಮೈದಾನದ ಬೆಳಕು ಕಾಣುತ್ತಿತ್ತು. ಅವನು ಕಾಣುತ್ತಿರಲಿಲ್ಲ.

ಕತ್ತಲಾದ ಮೇಲೆ ಒಂದು ಸಲ ಬೆಳಕೆಲ್ಲ ಆರಿತು. ಆಮೇಲೆ ಬಿಳೀ ಮಿಂಚು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸದ್ದು. ಅದು ಕಿವಿಗಿಂತ ಮೊದಲು ಟ್ಯಾಂಕಿನ ಸಿಮೆಂಟಿಗೆ ತಾಗಿ ಕಾಲಿಗೆ ಬಂತು. ಅರ್ಧ ಕಿಲೋಮೀಟರ್ ದೂರ ಅಂದರೆ ಸದ್ದು ಬರಲು ಒಂದೂವರೆ ಸೆಕೆಂಡ್ ಬೇಕು. ಇದು ನನಗೆ ಗೊತ್ತಿದ್ದ ಲೆಕ್ಕ. ಚಿಕ್ಕವನಿದ್ದಾಗ ಗದ್ದೆಯಾಚೆಯ ಆಟವನ್ನು ಮನೆಯ ಅಂಗಳದಿಂದ ಹೀಗೇ ಕೇಳಿದ್ದೆ. ಡೇರೆಯ ಬೆಳಕು ಮೊದಲು, ಚಂಡೆ ಆಮೇಲೆ. ಜನರ ಕೂಗು ಮಾತ್ರ ಬೇರೆ ತರಹ ಇತ್ತು. ಅಷ್ಟು ಜನ ಒಟ್ಟಿಗೆ ಕಿರುಚಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಸುಮಾರು ಎರಡು ಗಂಟೆ ಯಾರೂ ಕೆಳಗಿಳಿಯಲಿಲ್ಲ. 'ಬೀಟ್ ಇಟ್' ಶುರುವಾದಾಗ ನಮ್ಮ ದೋಸೆ ಹಾಕುವವರು, ಐವತ್ತು ದಾಟಿದವರು, ಲುಂಗಿ ಎತ್ತಿ ಕಟ್ಟಿ ಕುಣಿದರು.

ಅವನು ಅಲ್ಲಿ ನಿಜವಾಗಿ ಹಾಡಲೇ ಇಲ್ಲ, ಎಷ್ಟೋ ಹಾಡುಗಳಿಗೆ ಟೇಪ್ ಹಾಕಿ ತುಟಿ ಆಡಿಸಿದ ಅಂತ ಆಮೇಲೆ ಬಹಳ ಜನ ಹೇಳಿದರು. ಆ ಪ್ರವಾಸದಲ್ಲಿ ಹೆಚ್ಚಿನ ಹಾಡುಗಳು ಮೊದಲೇ ಮುದ್ರಿಸಿದ್ದವೇ ಹೌದು. ದುಡ್ಡು ಕೊಟ್ಟು ಕೇಳಲು ಬಂದವರಿಗೆ ಬೇಸರ ಆಗುವುದು ಸಹಜ. ನನಗೆ ಮಾತ್ರ ಅದು ಮೋಸ ಅಂತ ಯಾವತ್ತೂ ಅನಿಸಿಲ್ಲ. ನಾನು ಬೆಳೆದ ಆಟದಲ್ಲಿ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಪದ ಒಬ್ಬರದ್ದು, ಹೆಜ್ಜೆ ಇನ್ನೊಬ್ಬರದ್ದು. ಹೆಜ್ಜೆಯಲ್ಲಿ ಸುಳ್ಳು ಹೇಳಲು ಆಗುವುದಿಲ್ಲ. ಮೂವತ್ತೆಂಟು ವರ್ಷದ ಒಬ್ಬ ಮನುಷ್ಯ ಎರಡು ಗಂಟೆ ಹಾಗೆ ಕುಣಿದು, ನಾಲ್ಕು ದಿನ ಬಿಟ್ಟು ಇನ್ನೊಂದು ದೇಶದಲ್ಲಿ ಮತ್ತೆ ಹಾಗೇ ಕುಣಿಯುತ್ತಾನೆ ಅಂದರೆ, ಅವನ ಮಂಡಿಗಳ ಬಗ್ಗೆ ನಾನು ಯೋಚಿಸುತ್ತೇನೆ.

ನಾನು ಹೇಳಬೇಕು ಅಂತ ಕೂತದ್ದು ಮರುದಿನದ ಬೆಳಗಿನ ಕಥೆ.

ನವೆಂಬರ್ 2, ಬೆಳಗ್ಗೆ ಐದೂವರೆ. ಯಾರೂ ಚಹಾ ಹೇಳಿರಲಿಲ್ಲ. ನಾನೇ ಮಾಲಕರನ್ನು ಕೇಳಿ ಕಿಟ್ಲಿ ತುಂಬಿಸಿಕೊಂಡು ಹೋದೆ. ಮಂಗಳ ಆದ ಮೇಲೆ ಅಲ್ಲಿ ಯಾರು ಇರುತ್ತಾರೆ ಅಂತ ನನಗೆ ಗೊತ್ತಲ್ವಾ? ಗೇಟಿನಲ್ಲಿ ಆ ಹೊತ್ತಿಗೆ ಕೇಳುವವರಿರಲಿಲ್ಲ. ಒಳಗೆ ನೆಲದ ತುಂಬ ನೀರಿನ ಬಾಟಲಿ, ಒಂಟಿ ಚಪ್ಪಲಿ, ಹರಿದ ಪೋಸ್ಟರ್. ಹಿಂದಿನ ರಾತ್ರಿಯ ಅಟ್ಟ ಆಗಲೇ ಅರ್ಧ ಇಲ್ಲ. ದೀಪಗಳು ನೆಲಕ್ಕಿಳಿದಿದ್ದವು. ಚಕ್ರ ಇರುವ ಕಪ್ಪು ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಪ್ರತಿ ಪೆಟ್ಟಿಗೆಯ ಮೇಲೂ ಬಿಳಿ ಬಣ್ಣದಲ್ಲಿ ನಂಬರ್. ಒಬ್ಬ ಎತ್ತರದ ಬಿಳಿಯ ಪಟ್ಟಿ ಹಿಡಿದುಕೊಂಡು ನಂಬರ್ ಕೂಗುತ್ತಿದ್ದ, ನಮ್ಮ ಊರುಗಳ ಹುಡುಗರು ಪೆಟ್ಟಿಗೆ ತಳ್ಳುತ್ತಿದ್ದರು. ಅಪ್ಪಯ್ಯ ಕುರ್ಚಿ ಎಣಿಸುವಾಗಿನ ಧ್ವನಿಯೇ ಅದು. ನಿದ್ದೆಗೆಟ್ಟ, ಆದರೆ ತಪ್ಪು ಮಾಡದ ಧ್ವನಿ.

ಅವನಿಗೆ ಒಂದು ಗ್ಲಾಸ್ ಚಹಾ ಕೊಟ್ಟೆ. ನಿಂತಲ್ಲೇ ಕುಡಿದ. ಇನ್ನೊಂದು ಕೇಳಿದ. ಜೇಬಿನಲ್ಲಿ ನಮ್ಮ ದುಡ್ಡು ಇರಲಿಲ್ಲ ಅಂತ ಕಾಣುತ್ತದೆ. ಸೊಂಟಕ್ಕೆ ಸಿಕ್ಕಿಸಿದ್ದ ಕಪ್ಪು ಬಟ್ಟೆ ಟೇಪಿನ ಸುರುಳಿ ಬಿಚ್ಚಿ ನನ್ನ ಕೈಯಲ್ಲಿಟ್ಟ. ಅರ್ಧ ಮುಗಿದ ಸುರುಳಿ. ಬೇಡ ಅಂದೆ. ಅವನು ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿ ಮತ್ತೆ ಎಣಿಕೆಗೆ ಹೋದ.

ಅದೇ ದಿನ ಅಪ್ಪಯ್ಯನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಊರಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಟೇಪನ್ನೂ ಕಳಿಸಿದೆ. ಎರಡು ವಾರದ ಮೇಲೆ ಉತ್ತರ ಬಂತು. ಮೇಳ ಆಗಲೇ ಹೊರಟಿತ್ತು, ಯಾವುದೋ ಕ್ಯಾಂಪಿನಿಂದ ಬರೆದದ್ದು. ಹಾಡಿದವನ ಬಗ್ಗೆ ಒಂದು ಮಾತೂ ಇಲ್ಲ. "ಗುಂಡಿ ಎಷ್ಟು ಆಳ ತೆಗೀತಾರೆ? ಗಾಳಿ ಬಂದ್ರೆ ಎಂತ ಮಾಡ್ತಾರೆ?" ಇಷ್ಟೇ ಕೇಳಿದ್ದರು. ಗುಂಡಿಯೇ ಇರಲಿಲ್ಲ, ಕಬ್ಬಿಣ ತನ್ನ ಭಾರಕ್ಕೆ ತಾನೇ ನಿಂತಿತ್ತು ಅಂತ ಬರೆದೆ. ಅವರು ನಂಬಿದರೋ ಇಲ್ಲವೋ. ಆ ಟೇಪನ್ನು ಗುಂಡಿ ತೆಗೆಯುವ ಹಾರೆಯ ಹಿಡಿಗೆ ಸುತ್ತಿದ್ದರು. ಬೆವರಿಗೆ ಕೈ ಜಾರುವುದಿಲ್ಲ ಅಂತ ಬಹಳ ಮೆಚ್ಚಿದ್ದರು.

ಆ ತಿರುಗಾಟ 1997ರ ಅಕ್ಟೋಬರ್ 15ರಂದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಮುಗಿಯಿತು. ಒಟ್ಟು 82 ಆಟ, 35 ದೇಶ, ನೋಡಿದವರು ಸುಮಾರು 45 ಲಕ್ಷ. ನಡುವೆ ಸಿಡ್ನಿಯಲ್ಲಿ ಅವನ ಮದುವೆಯೂ ಆಯಿತು, ನಮ್ಮಲ್ಲಿಂದ ಹೋಗಿ ಎರಡು ವಾರಕ್ಕೆ. ಭಾರತದಲ್ಲಿ ಅವನು ಆಡಿದ್ದು ಆ ಒಂದೇ ಆಟ. 2009ರಲ್ಲಿ ಅವನು ತೀರಿಕೊಂಡ. ಅಂಧೇರಿಯ ಆಟದ ಮನರಂಜನೆ ತೆರಿಗೆಯ ತಕರಾರು ಮಾತ್ರ ಎಳೆಯುತ್ತಲೇ ಹೋಯಿತು. ಮಹಾರಾಷ್ಟ್ರ ಸರ್ಕಾರ ಮೂರು ಕೋಟಿಗೂ ಹೆಚ್ಚಿನ ಆ ತೆರಿಗೆಯನ್ನು ಮನ್ನಾ ಮಾಡಿದ್ದು 2021ರಲ್ಲಿ. ಒಂದು ರಾತ್ರಿಯ ಆಟದ ಲೆಕ್ಕ ಮುಗಿಯಲು 24 ವರ್ಷ.

ಈಗ ಆ ಮೈದಾನದ ಪಕ್ಕ ಮೆಟ್ರೋ ಬಂದಿದೆ, ಒಳಗೆ ಫುಟ್‌ಬಾಲ್ ಆಡುತ್ತಾರೆ. ನಾನು ಊರಿಗೆ ಬಂದು ಹನ್ನೆರಡು ವರ್ಷ ಆಯಿತು. ಅಪ್ಪಯ್ಯನಿಗೆ 84. ಮೇಳ ಬಿಟ್ಟು ಎಷ್ಟೋ ಕಾಲ ಆಗಿದೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಚಾವಡಿಯಲ್ಲಿ ಕೂತು ಅವರಿಗೆ ಅದೇ ತಿರುಗಾಟದ ವಿಡಿಯೋ ತೋರಿಸಿದೆ. 1997ರ ಜುಲೈಯಲ್ಲಿ ಮ್ಯೂನಿಕ್‌ನಲ್ಲಿ ಚಿತ್ರಿಸಿದ್ದು. ನನ್ನ ಮಗಳ ದೊಡ್ಡ ಟ್ಯಾಬ್ ಅವರ ಮಡಿಲಲ್ಲಿತ್ತು. ಬಂಗಾರದ ಬಣ್ಣದ ಕವಚ ತೊಟ್ಟು ಅವನು ರಾಕೆಟ್ಟಿನಿಂದ ಇಳಿದಾಗ ಅವರು ತಲೆಯಾಡಿಸಿದರು. ವೇಷ ಚೆನ್ನಾಗಿದೆ ಅಂದರು. ಟ್ಯಾಂಕ್ ಬಂದು, ಸೈನಿಕ ಕೋವಿ ಇಳಿಸಿ ಅಳುವ ಜಾಗದಲ್ಲಿ ಏನೂ ಹೇಳಲಿಲ್ಲ. ದೀಪಗಳು ಪೂರ್ತಿ ಹೊತ್ತಿದಾಗ ಮಾತ್ರ ನಿಲ್ಲಿಸಲು ಹೇಳಿದರು. ಕನ್ನಡಕ ಸರಿಮಾಡಿಕೊಂಡು ಅಟ್ಟದ ಮೇಲಿನ ಚಪ್ಪರವನ್ನು, ಅದರ ಕಂಬಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು.

"ಹೌದಾ. ಗುಂಡಿ ಇಲ್ಲ" ಅಂದರು.

ಆಮೇಲೆ 'ಬಿಲ್ಲಿ ಜೀನ್' ಹಾಡು ಹಾಕಿದೆ. ಅದರಲ್ಲಿ ಅವನು ಒಬ್ಬನೇ, ಒಂದು ಪೆಟ್ಟಿಗೆ ಹಿಡಿದುಕೊಂಡು ನಡೆದು ಬರುತ್ತಾನೆ. ಅದನ್ನು ತೆರೆದು ಅಂಗಿ, ಕೈಗವಸು, ಟೋಪಿ ಒಂದೊಂದೇ ತೆಗೆದು ಎಲ್ಲರ ಎದುರೇ ತೊಡುತ್ತಾನೆ. ವೇಷ ಕಟ್ಟುವ ಚೌಕಿಯಲ್ಲಿ ನಡೆಯಬೇಕಾದ ಕೆಲಸ ರಂಗಸ್ಥಳದಲ್ಲೇ ನಡೆಯುತ್ತದೆ. ಅಪ್ಪಯ್ಯ ಟ್ಯಾಬನ್ನು ಮುಖದ ಹತ್ತಿರ ಹಿಡಿದುಕೊಂಡರು.

"ಪೆಟ್ಗಿ ಅವ್ನೇ ಹೊತ್ಕಂಡ್ ಬಂದ್ನಾ?"

"ಹೌದು ಅಪ್ಪಯ್ಯ."

"ಮತ್ತೊಂದ್ಸಲಿ ಹಾಕ್. ಪೆಟ್ಗಿ ಇಡುದ್ ಕಾಣ್ಕ್."