ಕಾಂಬೋಡಿಯಾಕ್ಕೆ ಹೊರಟಿದ್ದೀರಾ? ಮೊದಲು ದುಡ್ಡಿನ ವಿಷಯ ಕೇಳಿ

ಫೆಬ್ರವರಿಯಲ್ಲಿ ಅಕ್ಕ, ಭಾವ, ನಾನು ಎಂಟು ದಿನ ಕಾಂಬೋಡಿಯಾ ಸುತ್ತಿ ಬಂದೆವು. ಹೋಗುವ ಮುಂಚೆ ಓದಿದ್ದೆಲ್ಲ ಅಂಕೋರ್ ವಾಟ್‌ನ ಸೂರ್ಯೋದಯದ ಬಗ್ಗೆಯೇ. ಅದು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ನಮ್ಮ ದುಡ್ಡು ಯಾರ ಕೈ ಸೇರುತ್ತೆ ಅನ್ನೋದನ್ನ ಯಾರೂ ಸರಿಯಾಗಿ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರವಾಸಿಗಳ ವ್ಯವಹಾರ ಹೆಚ್ಚಾಗಿ ಅಮೆರಿಕನ್ ಡಾಲರ್‌ನಲ್ಲೇ. ಚಿಲ್ಲರೆ ಮಾತ್ರ ಅವರ ರಿಯಲ್‌ನಲ್ಲಿ ಕೊಡುತ್ತಾರೆ, ಒಂದು ಡಾಲರ್‌ಗೆ ಸುಮಾರು 4000 ರಿಯಲ್. ಇಲ್ಲಿಂದಲೇ 1 ಮತ್ತು 5 ಡಾಲರ್‌ನ ನೋಟು ಜಾಸ್ತಿ ಒಯ್ಯಿರಿ, ಹೊಸದೇ ಇರಲಿ. ಅಂಚು ಸ್ವಲ್ಪ ಹರಿದಿದ್ದರೂ ತಗೊಳ್ಳಲ್ಲ. ನೀವೂ ಯಾರಿಂದಲೂ ಅಂಥ ನೋಟು ತಗೋಬೇಡಿ. ನಾವು ತಗೊಂಡೆವು, ಆ ಕಥೆ ಮುಂದಿದೆ.

ದೇವಸ್ಥಾನಗಳನ್ನು ನೋಡೋಕೆ ಬೇಕಾದ ಅಂಕೋರ್ ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತಗೊಳ್ಳಿ, ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಹೋಗಬಹುದು. ತಲಾ ಐದು ಸಾವಿರ ರೂಪಾಯಿ ದಾಟಿತು ಅಂತ ಭಾವ ಗೊಣಗಿದರು. ಆಮೇಲೆ ಗೊತ್ತಾಯಿತು, ಪ್ರತಿ ಟಿಕೆಟ್‌ನಲ್ಲಿ 2 ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತೆ. ಸ್ವಿಟ್ಜರ್ಲೆಂಡಿನ ಬೀಟ್ ರಿಚ್ನರ್ ಅನ್ನೋ ಡಾಕ್ಟರು ಕಟ್ಟಿ ಬೆಳೆಸಿದ್ದು, ಮಕ್ಕಳಿಗೆ ಚಿಕಿತ್ಸೆ ಪುಕ್ಕಟೆ. ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲೂ ಒಂದಿದೆ. ಅಂಕೋರ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತೆ. ಅದರ ಮುಂದೆ ಬೆಳಗ್ಗೆ ಹೊತ್ತು ಮಕ್ಕಳನ್ನು ಎತ್ತಿಕೊಂಡು ಕೂತ ತಾಯಂದಿರು, ಅದೇ ರಸ್ತೆಯಲ್ಲಿ ಈಜುಕೊಳದ ದೊಡ್ಡ ದೊಡ್ಡ ಹೋಟೆಲ್‌ಗಳು. ನಮ್ಮ ಟುಕ್‌ಟುಕ್ ಎರಡನ್ನೂ ಒಂದೇ ಸಲಕ್ಕೆ ದಾಟಿ ಹೋಯಿತು.

ದೇವಸ್ಥಾನಗಳ ಹತ್ತಿರ ಏಳೆಂಟು ವರ್ಷದ ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಹಿಡಿದು 'ಒನ್ ಡಾಲರ್' ಅಂತ ಹಿಂದೆ ಬೀಳುತ್ತವೆ. ಕರುಳು ಚುರ್ ಅನ್ನುತ್ತೆ. ಆದರೂ ಮಕ್ಕಳಿಂದ ಏನೂ ಕೊಳ್ಳಬೇಡಿ. ಮಗು ದುಡಿದು ತಂದಷ್ಟೂ ಮನೆಯವರು ಅದನ್ನ ಶಾಲೆಗೆ ಕಳಿಸೋದು ಕಷ್ಟ. ಪಕ್ಕದಲ್ಲೇ ಅಂಗಡಿ ಇಟ್ಟ ಹೆಂಗಸರಿರುತ್ತಾರೆ, ಅವರ ಹತ್ತಿರ ಎಳನೀರು ಕುಡಿಯಿರಿ. ನೆಲಬಾಂಬಿಗೆ ಕಾಲು ಕಳೆದುಕೊಂಡವರ ವಾದ್ಯಗೋಷ್ಠಿ ದಾರಿ ಬದಿ ಇರುತ್ತೆ, ಅಲ್ಲಿ ಹಾಕಿ. ಅನಾಥಾಲಯ ನೋಡಲು ಕರೆದರೆ ಖಂಡಿತ ಹೋಗಬೇಡಿ. ಅಲ್ಲಿನ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಪ್ರವಾಸಿಗಳ ದುಡ್ಡಿಗೋಸ್ಕರ ಕೂಡಿಹಾಕಿರುವುದೂ ಉಂಟು.

ಈಗ ನಾವು ಮೋಸ ಹೋದ ಕಥೆ. ಟೋನ್ಲೆ ಸ್ಯಾಪ್ ದೊಡ್ಡ ಸರೋವರ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ ನೀರು ಹಿಂದಕ್ಕೆ ಹರಿದು ಕೆರೆ ಹಲವು ಪಟ್ಟು ಹಿಗ್ಗುತ್ತೆ, ಅದಕ್ಕೇ ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ ಇಲ್ಲವೇ ತೇಲುವ ದೋಣಿಗಳ ಮೇಲೆ. ನಮ್ಮ ದೋಣಿಯವನು ಒಂದು ತೇಲುವ ಅಂಗಡಿ ಹತ್ತಿರ ನಿಲ್ಲಿಸಿದ. ಶಾಲೆ ಮಕ್ಕಳಿಗೆ ಊಟಕ್ಕಿಲ್ಲ, ಒಂದು ಮೂಟೆ ಅಕ್ಕಿ ಕೊಡಿಸಿ ಅಂದ. 45 ಡಾಲರ್. ಅಕ್ಕ 50 ಕೊಟ್ಟಳು, 5ರ ನೋಟು ವಾಪಸ್ ಬಂತು. ಮೂಟೆಯ ಬಾಯಿಗೆ ನೀಲಿ ದಾರ, ಪಕ್ಕದಲ್ಲಿ ಹರಿದ ಕಡೆ ಅಗಲವಾದ ಕಂದು ಟೇಪು. ಶಾಲೆಗೆ ಕೊಟ್ಟೆವು, ಮಕ್ಕಳು ಸಾಲಾಗಿ ನಿಂತು ಕೈ ಮುಗಿದವು, ಅಕ್ಕ ಕಣ್ಣೊರೆಸಿಕೊಂಡಳು. ಸೂರ್ಯಾಸ್ತ ನೋಡಿ ಅದೇ ಅಂಗಡಿ ಮುಂದೆ ವಾಪಸ್ ಬರುವಾಗ ಅಕ್ಕನೇ ನನ್ನ ತೋಳು ಹಿಡಿದು, 'ಲೋ, ಅದು ನಮ್ಮ ಮೂಟೆ ಅಲ್ವೇನೋ?' ಅಂದಳು. ನೀಲಿ ದಾರ, ಕಂದು ಟೇಪು, ಅದೇ.

ಸಿಟ್ಟು ಬಂತು. ಆದರೆ ಕೂಗಾಡೋಕೆ ಮನಸ್ಸಾಗಲಿಲ್ಲ. ದೋಣಿ ಓಡಿಸುತ್ತಿದ್ದ ಹುಡುಗನ ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ, ಆ 45 ಡಾಲರ್‌ನಲ್ಲಿ ಅವನಿಗೆ ಬಂದಿದ್ದು ಎಷ್ಟೋ. ನೀವು ಹೋದರೆ ದೋಣಿ ಟಿಕೆಟ್ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಬಿಚ್ಚಬೇಡಿ. ನೀರು ತುಂಬಿರುವಾಗ ನೋಡಬೇಕು ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೇದು. ಬೇಸಿಗೆಯಲ್ಲಿ ಬರೀ ಕೆಸರು.

ರಾಜಧಾನಿ ಫ್ನಾಮ್ ಪೆನ್‌ನಲ್ಲಿ ಎರಡು ದಿನ ಸಾಕು. ಪೋಲ್ ಪಾಟ್‌ನ ಆಡಳಿತದಲ್ಲಿ ಸಾವಿರಾರು ಜನರಿಗೆ ಚಿತ್ರಹಿಂಸೆ ಕೊಟ್ಟ ಟೂಲ್ ಸ್ಲೆಂಗ್ ಜೈಲು ನೋಡುವ ದಿನ ಬೇರೇನೂ ಇಟ್ಟುಕೊಳ್ಳಬೇಡಿ, ಆಮೇಲೆ ಏನೂ ಬೇಡ ಅನ್ನಿಸುತ್ತೆ. ಸಂಜೆ ಕೋ ಪಿಚ್ ದ್ವೀಪಕ್ಕೆ ಹೋಗಿ. ಪ್ಯಾರಿಸ್ಸಿನ ಕಮಾನಿನ ನಕಲನ್ನೇ ಕಟ್ಟಿಕೊಂಡಿದ್ದಾರೆ. ಲೆಕ್ಸಸ್ ಕಾರುಗಳನ್ನು ನಾನು ಬೆಂಗಳೂರಲ್ಲೂ ಅಷ್ಟು ನೋಡಿಲ್ಲ. ಅವುಗಳ ನಡುವೆಯೇ ಒಬ್ಬ ಹೆಂಗಸು ಚಿಪ್ಪುಮೀನಿಗೆ ಉಪ್ಪು ಖಾರ ಸವರಿ ಗಾಡಿ ಮೇಲೆ ಹರಡಿಕೊಂಡು ತಳ್ಳುತ್ತಿದ್ದಳು. ಊರ ಹೊರಗೆ ಗಾರ್ಮೆಂಟ್ಸ್ ಕೆಲಸದವರನ್ನು ಲಾರಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ಕಂಡಿತು. ಅವರಿಗೆ 2025ರಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 208 ಡಾಲರ್. ನಮ್ಮ ಮೂವರ ಅಂಕೋರ್ ಪಾಸ್‌ಗೇ 186 ಆಗಿತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು: ಬರೀ ತರಕಾರಿ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತೆ, ಬೇಡ ಅಂತ ಬಿಡಿಸಿ ಹೇಳಿ, ಜೊತೆಗೆ ಚಟ್ನಿಪುಡಿ ಇರಲಿ. ಸಿಯೆಮ್ ರೀಪ್‌ನ ವಿಮಾನ ನಿಲ್ದಾಣ 2023ರಿಂದ ಊರಾಚೆ ಹೋಗಿದೆ, ದಾರಿಗೇ ಒಂದು ಗಂಟೆಯಷ್ಟು ಬೇಕು, ಬೇಗನೇ ಹೊರಡಿ.

ಅಂದ ಹಾಗೆ, ಅಕ್ಕಿ ಅಂಗಡಿಯವನು ಕೊಟ್ಟ ಆ 5 ಡಾಲರ್ ನೋಟು ಮಧ್ಯಕ್ಕೆ ಹರಿದಿತ್ತು. ಅಲ್ಲಿ ಟುಕ್‌ಟುಕ್‌ನವನೂ ತಗೊಳ್ಳಲಿಲ್ಲ, ಇಲ್ಲಿ ಗಾಂಧಿ ಬಜಾರಿನಲ್ಲಿ ಡಾಲರ್ ಬದಲಾಯಿಸುವವನೂ ತಗೊಳ್ಳಲಿಲ್ಲ. ಅಕ್ಕ ಅದನ್ನ ಫ್ರಿಜ್ ಮೇಲೆ ಅಂಟಿಸಿದ್ದಾಳೆ, ಕಂದು ಟೇಪು ಹಾಕಿ.