ತಾಂತ್ರಿಕ ಪದವಿಯ ಜೊತೆಗೆ ತತ್ವಶಾಸ್ತ್ರ: ಎಲ್ಲಿಂದ ಹಿಡಿಯಬೇಕು, ಎಲ್ಲಿ ಎಡವುತ್ತಾರೆ

ಎರಡು ಗುಂಪು, ತಲಾ 100 ಜನ. ಸಾಲ ಕೊಟ್ಟರೆ ತೀರಿಸದವರು ಮೊದಲ ಗುಂಪಿನಲ್ಲಿ 50, ಎರಡನೆಯದರಲ್ಲಿ 20. ಅವರನ್ನು ಮೊದಲೇ ಗುರುತಿಸಲು ಒಂದು ಕಂಪ್ಯೂಟರ್ ಮಾಡೆಲ್ ಇದೆ ಎನ್ನಿ. ಎರಡೂ ಗುಂಪಿನಲ್ಲಿ ಅದು ತಪ್ಪುವ ಪ್ರಮಾಣ ಒಂದೇ: ತೀರಿಸದವರಲ್ಲಿ ಶೇ. 80 ಮಂದಿಯನ್ನು ಹಿಡಿಯುತ್ತದೆ, ತೀರಿಸುವವರಲ್ಲಿ ಶೇ. 20 ಮಂದಿಯ ಮೇಲೆ ಸುಮ್ಮನೆ ಅನುಮಾನಪಡುತ್ತದೆ. ಈಗ ಲೆಕ್ಕ ಹಾಕಿ. ಮೊದಲ ಗುಂಪಿನಲ್ಲಿ ಗುರುತು ಬೀಳುವುದು 50 ಜನರಿಗೆ, ಅವರಲ್ಲಿ 40 ಸರಿ. ಎರಡನೆಯದರಲ್ಲಿ ಗುರುತು ಬೀಳುವುದು 32 ಜನರಿಗೆ, ಸರಿಯಾಗುವುದು 16 ಮಾತ್ರ. ಒಂದೇ ಕೆಂಪು ಗುರುತು ಒಂದು ಗುಂಪಿನಲ್ಲಿ ಶೇ. 80 ನಂಬಬಹುದಾದದ್ದು, ಇನ್ನೊಂದರಲ್ಲಿ ಶೇ. 50. ಗುರುತಿನ ಅರ್ಥವನ್ನು ಎರಡೂ ಕಡೆ ಸಮ ಮಾಡಲು ಹೋದರೆ ತಪ್ಪಿನ ಪ್ರಮಾಣಗಳು ಬೇರೆಯಾಗುತ್ತವೆ. ಗುಂಪುಗಳ ಮೂಲ ಪ್ರಮಾಣ (ಇಲ್ಲಿ, ತೀರಿಸದವರ ಪಾಲು) ಬೇರೆಬೇರೆಯಾಗಿದ್ದು ಮಾಡೆಲ್ ಪರಿಪೂರ್ಣವಲ್ಲದಿದ್ದರೆ ಇವೆಲ್ಲವನ್ನೂ ಒಟ್ಟಿಗೆ ಸಮ ಮಾಡಲಾಗದು. ಇದು ಗಣಿತ; ಡೇಟಾ ಹೆಚ್ಚಿಸಿ ಕಳೆದುಕೊಳ್ಳುವ ತೊಂದರೆಯಲ್ಲ.

ಹಾಗಾದರೆ ಯಾವುದನ್ನು ಸಮ ಮಾಡಬೇಕು? ಗಣಿತ ಇಲ್ಲಿಗೆ ಕೈ ಎತ್ತುತ್ತದೆ. ತಾಂತ್ರಿಕ ವಿದ್ಯಾರ್ಥಿ ತತ್ವಶಾಸ್ತ್ರಕ್ಕೆ ಬರಬೇಕಾದದ್ದು ಈ ಬಾಗಿಲಿನಿಂದ ಎಂಬುದು ನನ್ನ ಪಕ್ಷ. ‘ವ್ಯಕ್ತಿತ್ವ ವಿಕಸನ’ಕ್ಕೆಂದು ಓದಲು ಕೂತವರು ಸಾಮಾನ್ಯವಾಗಿ ಎರಡನೇ ಅಧ್ಯಾಯ ದಾಟುವುದಿಲ್ಲ. ಕೈಯಲ್ಲಿ ಇಂಥದ್ದೊಂದು ಬಗೆಹರಿಯದ ಪ್ರಶ್ನೆ ಇದ್ದವರು ದಾಟುತ್ತಾರೆ.

ಈ ಪ್ರಶ್ನೆಯನ್ನೇ ಹಿಡಿದು ಹೋದರೆ ರಾಜಕೀಯ ತತ್ವಜ್ಞಾನಿಗಳಾದ ಜಾನ್ ರಾಲ್ಸ್ (‘ಎ ಥಿಯರಿ ಆಫ್ ಜಸ್ಟಿಸ್’, 1971) ಮತ್ತು ರಾಬರ್ಟ್ ನೋಜಿಕ್ (‘ಅನಾರ್ಕಿ, ಸ್ಟೇಟ್, ಅಂಡ್ ಯುಟೋಪಿಯಾ’, 1974) ಜೋಡಿಯಾಗಿ ಸಿಗುತ್ತಾರೆ. ತಾನು ಯಾವ ಗುಂಪಿನಲ್ಲಿ ಹುಟ್ಟುತ್ತೇನೆಂದು ತಿಳಿಯದವನು ಯಾವ ನಿಯಮವನ್ನು ಒಪ್ಪುತ್ತಾನೆ ಎಂದು ರಾಲ್ಸ್ ಕೇಳುತ್ತಾರೆ. ಹಂಚಿಕೆಯ ಚಿತ್ರ ನೋಡಿ ನ್ಯಾಯ ಅಳೆಯುವುದೇ ತಪ್ಪು, ಯಾರಿಗೆ ಏನು ಹೇಗೆ ಬಂತು ಎಂಬ ಚರಿತ್ರೆ ನೋಡಬೇಕು ಎಂದು ನೋಜಿಕ್ ವಾದಿಸುತ್ತಾರೆ. ಒಬ್ಬರನ್ನು ಮಾತ್ರ ಓದಿದವರು ಮೂರು ತಿಂಗಳಲ್ಲಿ ಭಕ್ತರಾಗುತ್ತಾರೆ. ಆದ್ದರಿಂದ ರಾಜಕೀಯ ಚಿಂತನೆಯನ್ನು ಯಾವಾಗಲೂ ಜೋಡಿಯಲ್ಲೇ ಓದಬೇಕು: ಹಾಬ್ಸ್ (‘ಲೆವಿಯಾಥನ್’, 1651) ಜೊತೆ ಲಾಕ್ (‘ಟು ಟ್ರೀಟಿಸಸ್ ಆಫ್ ಗವರ್ನ್‌ಮೆಂಟ್’, 1689), ಕಮ್ಯುನಿಸ್ಟ್ ಪ್ರಣಾಳಿಕೆ (1848) ಜೊತೆ ಮಿಲ್‌ನ ಸ್ವಾತಂತ್ರ್ಯದ ಪ್ರಬಂಧ (1859). ಇಡೀ ಪುಸ್ತಕ ಬೇಕಿಲ್ಲ. ಮಿಲ್‌ನಲ್ಲಿ ಎರಡನೇ ಅಧ್ಯಾಯ, ಹಾಬ್ಸ್‌ನಲ್ಲಿ 13ರಿಂದ 17ನೇ ಅಧ್ಯಾಯಗಳು ಸಾಕು.

ಆದರೆ ಮೊದಲ ಓದು ಇವರಾರೂ ಅಲ್ಲ. ಪ್ಲೇಟೋನ ‘ಯೂಥಿಫ್ರೋ’ ಒಂದು ಸಂಜೆಯಲ್ಲಿ ಮುಗಿಯುವಷ್ಟು ಸಣ್ಣದು, ಮತ್ತು ಸ್ಪೆಸಿಫಿಕೇಶನ್ ಬರೆದು ಅಭ್ಯಾಸವಿದ್ದವರಿಗೆ ಪರಿಚಿತ ಆಟ. ಧರ್ಮನಿಷ್ಠೆ ಎಂದರೇನು ಎಂದು ಸಾಕ್ರಟಿಸ್ ಕೇಳುತ್ತಾನೆ. ‘ನಾನೀಗ ಮಾಡುತ್ತಿರುವುದೇ’ ಎಂಬ ಮೊದಲ ಉತ್ತರ ಬಿದ್ದುಹೋಗುವುದು, ಅದು ಉದಾಹರಣೆಯೇ ಹೊರತು ಲಕ್ಷಣ (ವ್ಯಾಖ್ಯೆ) ಅಲ್ಲವಾದ್ದರಿಂದ. ‘ದೇವತೆಗಳಿಗೆ ಪ್ರಿಯವಾದದ್ದು’ ಎಂಬ ಎರಡನೆಯದು ಬೀಳುವುದು, ದೇವತೆಗಳಲ್ಲೇ ಜಗಳವಿರುವುದರಿಂದ. ‘ಎಲ್ಲ ದೇವತೆಗಳಿಗೂ ಪ್ರಿಯವಾದದ್ದು’ ಎಂದು ತಿದ್ದಿದಾಗ ಬರುವುದು ಅಸಲಿ ಪ್ರಶ್ನೆ: ಪ್ರಿಯವಾದ್ದರಿಂದ ಅದು ಧರ್ಮನಿಷ್ಠೆಯೋ, ಧರ್ಮನಿಷ್ಠೆಯಾದ್ದರಿಂದ ಪ್ರಿಯವೋ? ಈ ಜಾಗ 10a. ಅಂಚಿನಲ್ಲಿ ಕಾಣುವ ಇಂಥ ಗುರುತುಗಳು 1578ರ ಆವೃತ್ತಿಯ ಪುಟ ಮತ್ತು ಭಾಗಗಳು. ಈ ಗುರುತುಗಳಿರುವ ಯಾವ ಅನುವಾದ ತೆರೆದರೂ ಅದೇ ಜಾಗ ಸಿಗುತ್ತದೆ. ಟಿಪ್ಪಣಿಯಲ್ಲಿ ಪುಟಸಂಖ್ಯೆ ಬಿಟ್ಟು ಇದನ್ನೇ ಬರೆದುಕೊಳ್ಳಿ.

ಇನ್ನು ಓದುವ ಬಗೆ. ಒಂದು ಕೂರುವಿಕೆಗೆ 5ರಿಂದ 8 ಪುಟ, ಅಷ್ಟೇ. ಮೊದಲ ಸಲ ಪೆನ್ಸಿಲ್ ಇಲ್ಲದೆ ಓದಿ. ಎರಡನೇ ಸಲ, ಲೇಖಕರು ಕೊನೆಗೆ ಒಪ್ಪಿಸಲು ಹೊರಟಿರುವ ವಾಕ್ಯ ಯಾವುದೆಂದು ಹುಡುಕಿ ಹಾಳೆಯ ಕೆಳಗೆ ಬರೆಯಿರಿ. ಅದಕ್ಕೆ ಆಧಾರವಾದ ಮಾತುಗಳನ್ನು ಮೇಲೆ ಸಂಖ್ಯೆ ಹಾಕಿ ಜೋಡಿಸಿ. ನಡುವೆ ಒಂದಾದರೂ ಮೆಟ್ಟಿಲು ಕಾಣೆಯಾಗಿರುತ್ತದೆ, ಲೇಖಕರು ಹೇಳದೆ ಬಿಟ್ಟದ್ದು. ಅದನ್ನು ನಕ್ಷತ್ರ ಹಾಕಿ ನೀವೇ ತುಂಬಿಸಿ. ವಾದ ಸಾಮಾನ್ಯವಾಗಿ ಮುರಿಯುವುದು ಆ ನಕ್ಷತ್ರದ ಹತ್ತಿರ. ಕೊನೆಗೆ 300 ಪದ ಬರೆಯಿರಿ: ಅರ್ಧದಷ್ಟು, ಲೇಖಕರೇ ಓದಿದರೂ ತಲೆದೂಗುವ ಹಾಗೆ ಪೂರ್ವಪಕ್ಷ (ಅವರ ವಾದದ ನಿರೂಪಣೆ), ಆಮೇಲೆ ನಿಮ್ಮ ಒಂದೇ ಒಂದು ಆಕ್ಷೇಪ, ಉಳಿದದ್ದು ಆ ಆಕ್ಷೇಪಕ್ಕೆ ಲೇಖಕರು ಕೊಡಬಹುದಾದ ಉತ್ತರ. ಈ ಕೊನೆಯ ಭಾಗವನ್ನೇ ಎಲ್ಲರೂ ಬಿಡುವುದು.

ತತ್ವಜ್ಞಾನಿ ಡೇವಿಡ್ ಹ್ಯೂಮ್ 1739–40ರಲ್ಲಿ ಎತ್ತಿದ ತಕರಾರು ಒಂದನ್ನು ಈ ಹಾಳೆಯ ಮೇಲೆ ಸಲಕರಣೆಯಂತೆ ಬಳಸಬಹುದು. ಆಧಾರಗಳೆಲ್ಲ ‘ಇದೆ’ ಎನ್ನುವಾಗ ತೀರ್ಮಾನದಲ್ಲಿ ಮಾತ್ರ ‘ಬೇಕು’ ಬಂದರೆ ಅದು ಟೈಪ್ ಎರರ್, ಪ್ರೋಗ್ರಾಮಿನಲ್ಲಿ ಒಂದು ಬಗೆಯ ಮೌಲ್ಯ ಬೇಕಾದಲ್ಲಿ ಇನ್ನೊಂದು ಬಗೆಯದು ಬಂದ ಹಾಗೆ. ‘ಈ ವಿಧಾನ ಹೆಚ್ಚು ದಕ್ಷ, ಆದ್ದರಿಂದ ಇದನ್ನೇ ಜಾರಿಗೆ ತರಬೇಕು’ ಎಂಬ ವಾಕ್ಯದಲ್ಲಿ ದಕ್ಷತೆಯೇ ಮುಖ್ಯವೆಂಬ ‘ಬೇಕು’ ಅಡಗಿ ಕೂತಿದೆ. ತಾಂತ್ರಿಕ ವರದಿಗಳಲ್ಲಿ ಇದು ಎಷ್ಟು ಸಲ ಸಿಗುತ್ತದೆಂದು ಎಣಿಸಲು ಹೊರಟರೆ ವರದಿ ಓದುವುದು ನಿಧಾನವಾಗುತ್ತದೆ.

ನಮ್ಮ ತಾಂತ್ರಿಕ ವಿದ್ಯಾರ್ಥಿಗಳು ಎಡವುವ ಜಾಗಗಳು ಬಹುಮಟ್ಟಿಗೆ ಊಹಿಸಬಹುದಾದವೇ. ಆಬ್ಜೆಕ್ಟಿವ್ ಫಂಕ್ಷನ್ (ಗರಿಷ್ಠ ಅಥವಾ ಕನಿಷ್ಠ ಮಾಡಬೇಕಾದ ಸೂತ್ರ) ಕಂಡ ಕೂಡಲೇ ಮನಸ್ಸು ಕರಗುತ್ತದೆ, ಹಾಗಾಗಿ ಒಟ್ಟು ಸುಖವನ್ನು ಗರಿಷ್ಠ ಮಾಡುವ ಬೆಂಥಮ್‌ನ ಉಪಯುಕ್ತತಾವಾದ ಸ್ವಯಂಸಿದ್ಧ ಅನ್ನಿಸುತ್ತದೆ. ಒಬ್ಬನ ನೋವನ್ನು ಇನ್ನೊಬ್ಬನ ಸುಖದಿಂದ ಕಳೆದುಕೂಡಿ ಮೊತ್ತ ತೆಗೆಯುವಾಗ ಅವರು ಬೇರೆಬೇರೆ ವ್ಯಕ್ತಿಗಳೆಂಬುದೇ ಮಾಯವಾಗುತ್ತದೆ ಎಂಬ ರಾಲ್ಸ್ ಆಕ್ಷೇಪಕ್ಕೆ ಉತ್ತರ ಕೊಡಲಾಗುವವರೆಗೆ ಆ ವಾದವನ್ನು ಒಪ್ಪಬೇಡಿ. ಇನ್ನೊಂದು, ವಿಟ್‌ಗೆನ್‌ಸ್ಟೈನ್‌ನ ‘ಟ್ರಾಕ್ಟಾಟಸ್’ನಿಂದ ಶುರುಮಾಡುವುದು. ಆತ ಎಂಜಿನಿಯರಿಂಗ್ ಓದಿ ಬಂದವನು, ವಾಕ್ಯಗಳಿಗೆ ದಶಮಾಂಶ ಸಂಖ್ಯೆ ಬೇರೆ ಹಾಕಿದ್ದಾನೆ. ಆ ಅಚ್ಚುಕಟ್ಟು ಆಹ್ವಾನದಂತೆ ಕಾಣುತ್ತದೆ. ತರ್ಕಶಾಸ್ತ್ರಜ್ಞರಾದ ಫ್ರೇಗೆ ಮತ್ತು ರಸೆಲ್‌ರ ಸಮಸ್ಯೆಗಳು ಗೊತ್ತಿಲ್ಲದಿದ್ದರೆ ಅದು ಪ್ರಶ್ನೆಪತ್ರಿಕೆ ಇಲ್ಲದ ಉತ್ತರಪತ್ರಿಕೆ.

ಪ್ರಮೇಯಗಳಿಂದ ಅತಿಯಾಗಿ ಹಿಂಡುವುದು ಮೂರನೆಯದು. ಮೂವರು ಮತದಾರರು, ಒಬ್ಬರಿಗೆ ಅ, ಆ, ಇ ಎಂಬ ಕ್ರಮ, ಇನ್ನೊಬ್ಬರಿಗೆ ಆ, ಇ, ಅ, ಮತ್ತೊಬ್ಬರಿಗೆ ಇ, ಅ, ಆ. ಇಬ್ಬಿಬ್ಬರ ಬಹುಮತದಲ್ಲಿ ಅ ಆವನ್ನು, ಆ ಇಯನ್ನು, ಇ ಅವನ್ನು ಸೋಲಿಸುತ್ತದೆ. ಫ್ರೆಂಚ್ ಗಣಿತಜ್ಞ ಕಾಂಡೋರ್ಸೆ 1785ರಲ್ಲಿ ತೋರಿಸಿದ ಈ ಸುತ್ತನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಪ್ರಮೇಯವಾಗಿ ವಿಸ್ತರಿಸಿದರು. ‘ಹಾಗಾದರೆ ಪ್ರಜಾಪ್ರಭುತ್ವವೇ ಅಸಾಧ್ಯ’ ಎಂದು ಹಾರುವವರಿದ್ದಾರೆ. ಪ್ರಮೇಯ ಹೇಳುವುದು ಇಷ್ಟೇ: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ಮತದಾರರ ಕ್ರಮಗಳನ್ನು ಒಟ್ಟುಗೂಡಿಸುವ ಯಾವ ವಿಧಾನವೂ ಕೆಲವು ನಿಬಂಧನೆಗಳನ್ನು ಒಟ್ಟಿಗೆ ಪಾಲಿಸಲಾರದು. ಚರ್ಚೆ ಮಾಡಬೇಕಾದದ್ದು ಆ ನಿಬಂಧನೆಗಳ ಮೇಲೆ.

ಚರ್ಚೆಗೆ ನಾಲ್ಕೈದು ಜನ ಸಾಕು, ಆರು ಪುಟದ ಪಠ್ಯ. ಮೊದಲ 20 ನಿಮಿಷ ‘ಲೇಖಕರು ಏನು ಹೇಳುತ್ತಿದ್ದಾರೆ’ ಎಂಬುದನ್ನು ಬಿಟ್ಟು ಬೇರೆ ಮಾತು ಬೇಡ; ಒಪ್ಪಿಗೆ, ವಿರೋಧ ಆಮೇಲೆ. ಭಾರತೀಯ ತರ್ಕದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರಗಳು ಮೂರು ಬಗೆಯ ಚರ್ಚೆ ಗುರುತಿಸುತ್ತವೆ: ತಿಳಿಯಲು ನಡೆಸುವ ವಾದ, ಗೆಲ್ಲಲು ನಡೆಸುವ ಜಲ್ಪ, ಸ್ವಂತ ಪಕ್ಷವೇ ಇಲ್ಲದೆ ಎದುರಿನದನ್ನು ಕೆಡವುವ ವಿತಂಡ. ತರ್ಕದೋಷಗಳ ಪಟ್ಟಿ ಬಾಯಿಪಾಠ ಮಾಡಿದವರು ನೇರ ಮೂರನೆಯದಕ್ಕೆ ಜಾರುತ್ತಾರೆ. ದೋಷದ ಹೆಸರು ಹೇಳಿದವರು ಯಾವ ಸಂಖ್ಯೆಯ ಆಧಾರ ಬಿತ್ತೆಂದು ಹಾಳೆಯಲ್ಲಿ ತೋರಿಸಬೇಕು ಎಂಬ ನಿಯಮ ಇಟ್ಟರೆ ಇದು ಮುಕ್ಕಾಲು ಪಾಲು ನಿಲ್ಲುತ್ತದೆ.

ಸಮಯ: ವಾರಕ್ಕೆ ನಾಲ್ಕು ಗಂಟೆ, ಎರಡು ಓದಿಗೆ, ಒಂದು ಬರೆಯಲು, ಒಂದು ಮಾತಿಗೆ. ಪರೀಕ್ಷೆ, ಪ್ರಾಜೆಕ್ಟ್ ಸಲ್ಲಿಕೆಯ ವಾರಗಳಲ್ಲಿ ಪೂರ್ತಿ ನಿಲ್ಲಿಸಿ. ಅರ್ಧಂಬರ್ಧ ಓದಿದ ವಾದ ತಪ್ಪಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಮತ್ತೆ ಶುರುಮಾಡುವಾಗ ಹೊಸ ಪುಟಕ್ಕೆ ಹೋಗದೆ, ಹಿಂದಿನ ಹಾಳೆಯ ನಕ್ಷತ್ರ ಹಾಕಿದ ಸಾಲಿನಿಂದ ಹಿಡಿಯಿರಿ.